ರಟ್ಟಿನ ಮೂಲೆಯ ಹೆಸರು

ಪ್ರಶ್ನೆ: ಬಂಟ್ವಾಳದ ನಮ್ಮ ಹಳೆ ಮನೆಯ ಅಟ್ಟದಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಸ್ಟುಡಿಯೋ ಫೋಟೋಗಳು ಸಿಕ್ಕಿವೆ. ಬೆಳ್ತಂಗಡಿ, ಮೂಡುಬಿದಿರೆಯ ನೆಂಟರ ಮನೆಗಳಲ್ಲೂ ಇವೆಯಂತೆ. ಎಲ್ಲವನ್ನೂ ಸಂಗ್ರಹಿಸುವ ಆಸೆ. ತೆಗೆದವರು ಯಾರು, ಯಾವ ಕಾಲದವು ಎಂದು ತಿಳಿಯುವುದು ಹೇಗೆ?

ಉತ್ತರ: ಮೊದಲಿಗೆ, ಫೋಟೋವನ್ನು ರಟ್ಟಿನಿಂದ ಬಿಡಿಸಬೇಡಿ. ಕಟ್ಟು ಹಾಕುವವರು ಅಂಚು ಕತ್ತರಿಸಲೂ ಬಿಡಬೇಡಿ. ನೀವು ಹುಡುಕುವ ಹೆಸರು ಅಲ್ಲೇ ಇರುತ್ತದೆ. ರಟ್ಟಿನ ಕೆಳಮೂಲೆಯಲ್ಲಿ ಬಣ್ಣವಿಲ್ಲದ ಉಬ್ಬಚ್ಚು ಇರುವುದುಂಟು. ಎದುರು ಬೆಳಕಿನಲ್ಲಿ ಕಾಣದು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಅಕ್ಷರಗಳು ಎದ್ದು ಬರುತ್ತವೆ. ಹಿಂಬದಿಯ ರಬ್ಬರ್ ಸೀಲು, ಪೆನ್ಸಿಲಿನಲ್ಲಿ ಬರೆದ ಸಂಖ್ಯೆ ಎಲ್ಲವನ್ನೂ ಗುರುತು ಮಾಡಿಕೊಳ್ಳಿ.

ಕಾಲವನ್ನು ಬಹುಮಟ್ಟಿಗೆ ವಿಳಾಸವೇ ಹೇಳುತ್ತದೆ. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ ಸೌತ್ ಕೆನರಾ. ಆದರೆ ‘ಎಸ್.ಕೆ.’ ಎಂದು ಬರೆಯುವ ರೂಢಿ ಆಮೇಲೂ ಉಳಿಯಿತು, ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ. ‘ಮೈಸೂರು ಸ್ಟೇಟ್’ ಎಂದಿದ್ದರೆ 1956ರಿಂದ 1973ರ ನಡುವಿನ ಸೀಲು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಹಳೆ ನೆಗೆಟಿವ್‌ನಿಂದ ಮರುಮುದ್ರಿಸಿದ್ದರೆ ಸೀಲು ಹೊಸದು, ಮುಖ ಹಳೆಯದು. ಉಡುಪನ್ನೂ ನೋಡಿಯೇ ತೀರ್ಮಾನಿಸಿ. ಸುಮಾರು ಎರಡೂವರೆ ಇಂಚು ಅಗಲ, ನಾಲ್ಕಿಂಚು ಎತ್ತರದ ಪುಟ್ಟ ರಟ್ಟು ಸಿಕ್ಕರೆ ಜೋಪಾನ. ಪ್ಯಾರಿಸ್ಸಿನ ಫೋಟೋಗ್ರಾಫರ್ ಡಿಸ್ಡೆರಿ 1854ರಲ್ಲಿ ಪೇಟೆಂಟ್ ಪಡೆದ ಅಳತೆ ಅದು, ಹತ್ತೊಂಬತ್ತನೆಯ ಶತಮಾನದ್ದೇ ಇರಬಹುದು.

ಮುಂಬಯಿ ವಿಳಾಸ ಕಂಡರೆ ಅಚ್ಚರಿಪಡಬೇಡಿ. ಹೋಟೆಲು, ಆಫೀಸು ಕೆಲಸಕ್ಕೆಂದು ಹೋದ ಮಕ್ಕಳು ಕೋಟು ತೊಟ್ಟು, ಬಣ್ಣದ ಪರದೆಯೆದುರು ನಿಂತು ತೆಗೆಸಿದ ಫೋಟೋಗಳು ಊರಿಗೆ ಬಂದಿವೆ.

ಸ್ಟುಡಿಯೋದವರನ್ನು ಹುಡುಕಲು ನನಗೆ ಅತ್ಯುತ್ತಮ ಆಧಾರವೆನಿಸುವುದು ಬ್ರಹ್ಮಕಲಶೋತ್ಸವದ ಮತ್ತು ಶಾಲೆಗಳ ಹಳೆ ಸ್ಮರಣ ಸಂಚಿಕೆಗಳ ಜಾಹೀರಾತು ಪುಟಗಳು. ಮೂಡುಬಿದಿರೆ ಹಿಂದೆ ಕಾರ್ಕಳ ತಾಲೂಕಿನಲ್ಲಿತ್ತು, ಅಲ್ಲಿನ ಕಡತಗಳನ್ನೂ ನೋಡಿ. ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್‌ಗೆ ನಿಮ್ಮ ಮೂರೂ ಊರುಗಳಲ್ಲಿ ವಲಯಗಳಿವೆ. ಹಿರಿಯ ಸದಸ್ಯರನ್ನು ಮಾತನಾಡಿಸಿ. ಅವರ ಕಾಲದ ಕ್ಯಾಮೆರಾಗಳನ್ನು ನೋಡಬೇಕಿದ್ದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ಇನ್ನೂ ಹಿಂದಿನ ಕರಾವಳಿಯ ಚಿತ್ರಗಳಿಗೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಚಿತ್ರಭಂಡಾರ ಅಂತರ್ಜಾಲದಲ್ಲೇ ಇದೆ.

ನೇತ್ರಾವತಿ 1923ರಲ್ಲೂ 1974ರಲ್ಲೂ ಬಂಟ್ವಾಳದ ಮನೆಗಳಿಗೆ ನುಗ್ಗಿದ್ದಳು. ನೀರು ಕುಡಿದು ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆದು ತೆಗೆಯಬೇಡಿ, ಚಿತ್ರ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಸಮೇತವೇ ಪ್ರತಿ ತೆಗೆಸಿ. ಒದ್ದೆ ಬಟ್ಟೆ, ಲ್ಯಾಮಿನೇಷನ್ ಎರಡೂ ಬೇಡ.

ಸಂಗ್ರಹದ ಬಗ್ಗೆ ನನ್ನ ಅಭಿಪ್ರಾಯ: ನೆಂಟರ ಮನೆಯ ಮೂಲ ಪ್ರತಿ ಆ ಮನೆಯಲ್ಲೇ ಇರಲಿ. ಎರಡೂ ಬದಿಯ ಪ್ರತಿ ನಿಮ್ಮಲ್ಲಿದ್ದರೆ ಸಾಕು. ಅಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಇದೇ ವಾರ ಹೋಗಿ, ಫೋಟೋದಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಸೀಲನ್ನು ಮುಂದಿನ ವರ್ಷವೂ ಓದಬಹುದು.