ಸರಂಧ್ರ ಕ್ರಿಯಾವರ್ಧಕದಲ್ಲಿ ಪಲ್ಲಾಡಿಯಂ

ಪೀಠಿಕೆ: ಔಷಧಗಳ ತಯಾರಿಕೆಯಲ್ಲಿ ಎರಡು ಕಾರ್ಬನ್ ಪರಮಾಣುಗಳ ನಡುವೆ ಬಂಧ ಏರ್ಪಡಿಸುವುದು ಮುಖ್ಯ ಕಾರ್ಯ. ಪಲ್ಲಾಡಿಯಂ ಲೋಹದ ನೆರವಿನಿಂದ ಇದನ್ನು ಸಾಧಿಸಿದ ರಿಚರ್ಡ್ ಹೆಕ್, ಐ-ಇಚಿ ನೆಗಿಶಿ ಹಾಗೂ ಅಕಿರಾ ಸುಜುಕಿ ಅವರಿಗೆ 2010ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಸುಜುಕಿ ಕ್ರಿಯೆಯಲ್ಲಿ ಬ್ರೋಮೋಬೆಂಜೀನ್ ಮತ್ತು ಫಿನೈಲ್ ಬೋರಾನಿಕ್ ಆಮ್ಲಗಳು ಪ್ರತ್ಯಾಮ್ಲದ ಸಮ್ಮುಖದಲ್ಲಿ ಕೂಡಿ ಬೈಫಿನೈಲ್ ಉಂಟಾಗುತ್ತದೆ.

ಸಮಸ್ಯೆ: ದ್ರಾವಣದಲ್ಲಿ ಕರಗಿದ ಪಲ್ಲಾಡಿಯಂ ಚುರುಕಾಗಿ ವರ್ತಿಸಿದರೂ ಉತ್ಪನ್ನದಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಬಾಯಿಯ ಮೂಲಕ ಸೇವಿಸುವ ಔಷಧದಲ್ಲಿ ಅದರ ಅಂತರರಾಷ್ಟ್ರೀಯ ಮಿತಿ ದಿನಕ್ಕೆ 100 ಮೈಕ್ರೋಗ್ರಾಂ ಮಾತ್ರ. ಆದ್ದರಿಂದ ಈ ದುಬಾರಿ ಲೋಹವನ್ನು ಸರಂಧ್ರ ಘನವಸ್ತುವಿನಲ್ಲಿ ನೆಲೆಗೊಳಿಸಿ, ಕ್ರಿಯೆ ಮುಗಿದ ಬಳಿಕ ಸೋಸಿ ತೆಗೆಯುವ ಪ್ರಯತ್ನ ನಡೆದಿದೆ.

ವಿನ್ಯಾಸ: ರಂಧ್ರಗಳು ಒಳಮೇಲ್ಮೈಯನ್ನು ಹೆಚ್ಚಿಸುತ್ತವೆ. 1998ರಲ್ಲಿ ವರದಿಯಾದ ಎಸ್‌ಬಿಎ-15 ಎಂಬ ಸಿಲಿಕಾದ ಒಂದು ಗ್ರಾಂನಲ್ಲಿ ನೂರಾರು ಚದರ ಮೀಟರ್ ಮೇಲ್ಮೈ ಇರುತ್ತದೆ. 2 ನ್ಯಾನೋಮೀಟರ್‌ಗಿಂತ ಕಿರಿದಾದ ರಂಧ್ರದಲ್ಲಿ ದೊಡ್ಡ ಅಣುಗಳ ಸಂಚಾರ ಕುಂಠಿತವಾಗುತ್ತದೆ. ರಂಧ್ರ ಅತಿ ವಿಶಾಲವಾದರೆ ಲೋಹದ ಕಣಗಳು ಸರಿದು, ಒಂದಕ್ಕೊಂದು ಕೂಡಿ ದಪ್ಪವಾಗಬಹುದು. ರಂಧ್ರದ ಗೋಡೆಗೆ ಅಮೈನ್ ಅಥವಾ ಥಯೋಲ್ ಗುಂಪುಗಳನ್ನು ಜೋಡಿಸಿದರೆ ಅವು ಲೋಹವನ್ನು ಹಿಡಿದಿಡುತ್ತವೆ. ಆದರೆ ಹಿಡಿತ ಅತಿಯಾದರೆ ಲೋಹದ ಚುರುಕು ಕುಗ್ಗುತ್ತದೆ.

ಪರೀಕ್ಷೆ: ಕ್ರಿಯೆ ಅರ್ಧ ನಡೆದಾಗ ಮಿಶ್ರಣವನ್ನು ಬಿಸಿಯಾಗಿಯೇ ಸೋಸಬೇಕು. ಸೋಸಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ ಪಲ್ಲಾಡಿಯಂ ಕರಗಿ ಹೊರಬಂದಿದೆ ಎಂದರ್ಥ. ಕ್ರಿಯೆ ನಿಂತಿತೆಂಬುದೊಂದರಿಂದಲೇ ಲೋಹ ಕರಗಿಲ್ಲವೆಂದು ತೀರ್ಮಾನಿಸಲಾಗದು. ಕರಗಿದ ಲೋಹ ಮರಳಿ ಘನಕ್ಕೆ ಅಂಟಿರಲೂಬಹುದು. ಕ್ರಿಯಾವರ್ಧಕವನ್ನು ಮತ್ತೆ ಬಳಸುವಾಗ ಅಂತಿಮ ಇಳುವರಿಯ ಜೊತೆಗೆ ಆರಂಭದ ಕ್ರಿಯಾವೇಗವನ್ನೂ ಅಳೆಯಬೇಕು. ದೀರ್ಘ ಅವಧಿ ನೀಡಿದರೆ ದುರ್ಬಲಗೊಂಡ ಕ್ರಿಯಾವರ್ಧಕವೂ ಅದೇ ಇಳುವರಿ ತೋರಬಲ್ಲದು.

ಬೋಧನಾ ಸೂಚನೆ: ಮಲಯಾಳ, ಮರಾಠಿ, ತೆಲುಗುಗಳಲ್ಲಿ ಕ್ರಿಯಾವರ್ಧಕಕ್ಕೆ ‘ಉತ್ಪ್ರೇರಕ’ ಎಂಬ ಪದವೇ ಅಲ್ಪಸ್ವಲ್ಪ ರೂಪಭೇದದೊಡನೆ ಬಳಕೆಯಲ್ಲಿದೆ. ವಿದ್ಯಾರ್ಥಿಗೆ ಪರಿಚಿತವಾದ ಆ ಪದದಿಂದಲೇ ಶಿಕ್ಷಕರು ಪಾಠವನ್ನು ಆರಂಭಿಸಬಹುದು. 1 ಸೆಂ.ಮೀ. ಬದಿಯ ಘನದ ಮೇಲ್ಮೈ 6 ಚದರ ಸೆಂ.ಮೀ.; ಅದನ್ನು 1 ಮಿ.ಮೀ. ಬದಿಯ ಸಾವಿರ ಘನಗಳಾಗಿ ವಿಭಾಗಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂ.ಮೀ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸುವುದು.

ಮೌಲ್ಯಮಾಪನ
1. ರಂಧ್ರದ ಗಾತ್ರ ಅತಿ ಕಿರಿದೂ ಅತಿ ಹಿರಿದೂ ಆಗಬಾರದೇಕೆ?
2. ಮಿಶ್ರಣವನ್ನು ತಣಿಸಿ ಸೋಸಿದರೆ ಪರೀಕ್ಷೆಯ ಫಲಿತಾಂಶ ದಾರಿತಪ್ಪಿಸಬಹುದು. ಕಾರಣ ನೀಡಿ.