ಕಸುಬು ಮೊದಲು, ಸಬ್ಸಿಡಿ ಆಮೇಲೆ

ಸೋಲಾರ್ ಹಾಕಿಸಿ ಊರಲ್ಲೇ ಏನಾದರೂ ಉದ್ಯೋಗ ಮಾಡಬೇಕು ಅಂತ ಹೊರಟಿದ್ದೀಯಂತೆ. ಬಹಳ ಸಂತೋಷ, ಮಗೂ. ಊರು ಬಿಡದೆ ದುಡಿದು ತೋರಿಸುತ್ತೇನೆ ಅನ್ನುವ ಮಕ್ಕಳನ್ನು ಕಂಡರೆ ನನ್ನಂಥ ಮುದುಕನಿಗೆ ಎರಡು ತುತ್ತು ಹೆಚ್ಚೇ ಸೇರುತ್ತದೆ. ಆದರೆ ನೀನು ಬಂದು ಕೇಳಿದ ಮೊದಲ ಪ್ರಶ್ನೆ ನನಗೆ ಹಿಡಿಸಲಿಲ್ಲ. ‘ಅಜ್ಜಾ, ಯಾವುದಕ್ಕೆ ಸಬ್ಸಿಡಿ ಜಾಸ್ತಿ?’ ಅಂದೆ. ‘ನನಗೆ ಬರುವ ಕಸುಬು ಇದು, ಇದಕ್ಕೆ ನೆರವು ಎಲ್ಲಿದೆ?’ ಅಂತ ಕೇಳಿದ್ದರೆ ಅವತ್ತೇ ಎದ್ದು ನಿನ್ನ ಜೊತೆ ಬಸ್ಸು ಹತ್ತುತ್ತಿದ್ದೆ.

ಗ್ರಾಮೀಣ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತ ತಲೆ ಹಣ್ಣಾದವನು ನಾನು. ಅರ್ಜಿ ಹಿಡಿದು ಬರುವವರಲ್ಲಿ ಎರಡು ಬಗೆ. ಕೆಲವರು ಯೋಜನೆಯ ಹೆಸರು ಹೇಳುತ್ತ ಬರುತ್ತಿದ್ದರು. ಕೆಲವರು ಗಿರಾಕಿಗಳ ಹೆಸರು ಹೇಳುತ್ತ ಬರುತ್ತಿದ್ದರು. ತಪ್ಪದೆ ಕಂತು ಕಟ್ಟಿದವರು ಹೆಚ್ಚಾಗಿ ಈ ಎರಡನೆಯವರೇ. ನೀನು ಸದ್ಯಕ್ಕೆ ಮೊದಲನೆಯವರ ಸಾಲಿನಲ್ಲಿ ನಿಂತಿದ್ದೀಯ. ಕೈ ಹಿಡಿದು ಈಚೆ ಎಳೆಯೋಣ ಅಂತ ಇಷ್ಟು ಬರೆಯುತ್ತಿದ್ದೇನೆ.

ಗೋಬರ್ ಗ್ಯಾಸಿನ ಕತೆ ಕೇಳು. ಸರ್ಕಾರ ದುಡ್ಡು ಕೊಡುತ್ತದೆ ಅಂತ ಹಿತ್ತಿಲಲ್ಲಿ ಗುಂಡಿ ಕಟ್ಟಿಸಿಕೊಂಡ ಮನೆಗಳು ನಮ್ಮ ಬಯಲುಸೀಮೆಯಲ್ಲಿ ಬೇಕಾದಷ್ಟಿದ್ದವು. 2 ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಅಂದರೆ ಕೊಟ್ಟಿಗೆಯಲ್ಲಿ ನಾಲ್ಕೈದು ದನ ಕಟ್ಟಿರಬೇಕು, ಸಗಣಿಯ ಸಮಕ್ಕೆ ನೀರು ಕಲಸುವ ಕೈ ಬೇಕು. ಒಂದೇ ಎಮ್ಮೆ ಇದ್ದವರೂ ಕಟ್ಟಿಸಿದರು. ವರ್ಷ ಕಳೆಯುವುದರೊಳಗೆ ಒಲೆ ತಣ್ಣಗಾಯಿತು, ಗುಂಡಿ ಹಾಳುಬಿತ್ತು. ಅದೇ ಶಿರಸಿ, ಸಿದ್ದಾಪುರದ ಕಡೆ ಹೋಗಿ ನೋಡು. ಗೋಬರ್ ಗ್ಯಾಸಿನ ಒಲೆ ಅಲ್ಲಿ ಮನೆಮನೆಯ ಮಾತು. ಗ್ಯಾಸು ಅಡುಗೆಗೆ, ಬಗ್ಗಡ ಅಡಿಕೆ ತೋಟಕ್ಕೆ. ಅಲ್ಲಿ ಕೊಟ್ಟಿಗೆ ಮೊದಲಿತ್ತು, ತೋಟ ಮೊದಲಿತ್ತು. ಸಹಾಯಧನ ಆಮೇಲೆ ಬಂತು. ಸರ್ಕಾರದ ದುಡ್ಡು ಹೆಪ್ಪು ಇದ್ದಂತೆ, ಮಗೂ. ಹಾಲು ನಿನ್ನ ಪಾತ್ರೆಯಲ್ಲಿ ಇರಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಮೊದಲು ತಲೆಯಿಂದ ತೆಗೆ. ಸಬ್ಸಿಡಿ ಅಂದರೆ ಕೈಗೆ ಬರುವ ನೋಟಿನ ಕಟ್ಟು ಅಂದುಕೊಂಡಿದ್ದೀಯ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನೇ ತೆಗೆದುಕೋ, 2008ರಿಂದ ನಡೆದು ಬಂದದ್ದು. ಹಳ್ಳಿಯಲ್ಲಿ ಹೊಸದಾಗಿ ಶುರುವಾಗುವ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ಶೇ 35. ಒಬ್ಬ ಹೆಣ್ಣುಮಗಳು 5 ಲಕ್ಷದ ಘಟಕ ಹಾಕುತ್ತಾಳೆ ಅನ್ನು. ಕೈಯಿಂದ 25 ಸಾವಿರ ಹಾಕಬೇಕು. ಬ್ಯಾಂಕು 4 ಲಕ್ಷ 75 ಸಾವಿರ ಕೊಡುತ್ತದೆ. ಸರ್ಕಾರದ 1 ಲಕ್ಷ 75 ಸಾವಿರ ಬ್ಯಾಂಕಿಗೆ ಬಂದು, ಅವಳ ಹೆಸರಿನಲ್ಲಿ 3 ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಇಲ್ಲ. 3 ವರ್ಷ ಆದ ಮೇಲೆ ಬಂದು ನೋಡುತ್ತಾರೆ. ಘಟಕ ನಡೆಯುತ್ತಿದ್ದರೆ ದುಡ್ಡು ಸಾಲಕ್ಕೆ ಜಮೆ. ಬಾಗಿಲು ಹಾಕಿದ್ದರೆ ಬಂದ ದಾರಿಯಲ್ಲೇ ವಾಪಸು. ಅಂದರೆ 3 ವರ್ಷ ದುಡಿದು ನಿಂತವರಿಗೆ ಸಿಗುವ ನೆರವು ಇದು. ನಿನ್ನ ಆತುರಕ್ಕೆ ಇಲ್ಲಿ ಬೆಲೆ ಇಲ್ಲ.

ರೊಟ್ಟಿ, ಚಟ್ನಿಪುಡಿ, ಬೆಲ್ಲ, ಎಣ್ಣೆ ಗಾಣ, ಹೀಗೆ ತಿನ್ನುವ ಪದಾರ್ಥಕ್ಕೆ ಕೈ ಹಾಕುವುದಾದರೆ 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ ನೋಡು. ಕೇಂದ್ರದ ಶೇ 35ಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿ ಅರ್ಧದಷ್ಟು ಕೊಡುವಂತೆ ಮಾಡಿತು, ಗರಿಷ್ಠ 15 ಲಕ್ಷದವರೆಗೆ. ಯೋಜನಾ ವರದಿ ಬರೆಯಲು, ಬ್ಯಾಂಕಿಗೆ ಓಡಾಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ. ಅವರ ಸಂಭಾವನೆ ಯೋಜನೆಯ ಖರ್ಚಿನಲ್ಲೇ ಸೇರಿದೆ. ನೀನು ಯಾರಿಗೂ ಬೇರೆ ದುಡ್ಡು ಕೊಡಬೇಕಾಗಿಲ್ಲ. ಮುದ್ರಾ ಸಾಲದ ಬಗ್ಗೆಯೂ ಕೇಳಿದ್ದೆ. 2015ರಲ್ಲಿ ಶುರುವಾದ ಅದರಲ್ಲಿ ಅಡಮಾನ ಬೇಡ, ಆದರೆ ಸಬ್ಸಿಡಿಯೂ ಇಲ್ಲ. ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. 2024ರಲ್ಲಿ 20 ಲಕ್ಷದ ಹಂತವೊಂದನ್ನು ಸೇರಿಸಿದರು. ಅದು ಯಾರಿಗೆ ಗೊತ್ತೇ? ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ. ಎಲ್ಲ ಯೋಜನೆಗಳ ಒಳದನಿ ಇದೇ.

ಈ ಪ್ರಮಾಣ, ಮಿತಿಗಳೆಲ್ಲ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ಪಕ್ಕದ ಮನೆಯವನು ಹೇಳಿದ ಅಂಕಿ ನಂಬಬೇಡ. ನನ್ನ ಅಂಕಿಯನ್ನೂ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಮ್ಮೆ ತಾಳೆ ನೋಡು. ಮಂಜೂರಾತಿ ಬರುವ ಮೊದಲೇ ಯಂತ್ರ ತಂದು ಮನೆ ಮುಂದೆ ಇಳಿಸಬೇಡ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಹೇಳಿದ್ದು ಇಂಥ ಕೆಲಸಕ್ಕೇ.

ಈಗ ಸೋಲಾರಿಗೆ ಬಾ. ಮನೆಗೆ ಗೃಹಜ್ಯೋತಿ ಇದೆ, 2023ರಿಂದ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲಿಲ್ಲ. 10 ಎಚ್‌ಪಿವರೆಗಿನ ನೀರಾವರಿ ಪಂಪಿಗೂ ಕರೆಂಟು ಉಚಿತ. ಹಾಗಾದರೆ ಸೋಲಾರ್ ಯಾಕೆ? ಕರೆಂಟು ಇಲ್ಲದ ಹೊತ್ತಿನಲ್ಲೂ ದುಡಿಮೆ ನಿಲ್ಲಬಾರದು ಅಂತ. ಮದುವೆ ಸೀಸನ್ನಿನಲ್ಲಿ ಐನೂರು ರೊಟ್ಟಿಗೆ ಹೇಳಿ ಹೋದವರು ‘ಲೈನು ಹೋಗಿತ್ತು’ ಅನ್ನುವ ಮಾತು ಕೇಳಿಸಿಕೊಳ್ಳುವುದಿಲ್ಲ. ಇನ್ನೊಂದು, ಮನೆಯ ಮೀಟರಿನಲ್ಲಿ ವ್ಯಾಪಾರದ ಯಂತ್ರ ಓಡಿಸಬೇಡ. ಅದು ಕಾನೂನಿಗೂ ತಪ್ಪು, ನಿನ್ನ ಹೆಸರಿಗೂ ಕೆಡುಕು. ಉದ್ಯೋಗಕ್ಕೆ ಬೇರೆ ಮೀಟರು, ಅದರ ಬಿಲ್ಲು. ಆ ಬಿಲ್ಲನ್ನು ಸೋಲಾರ್ ಎಷ್ಟು ಇಳಿಸುತ್ತದೆ ಅನ್ನುವ ಲೆಕ್ಕವೇ ನಿನ್ನ ಲಾಭದ ಲೆಕ್ಕ.

ಆ ಲೆಕ್ಕ ಕಷ್ಟವಲ್ಲ. ಒಂದು ಎಚ್‌ಪಿ ಮೋಟಾರು ಅಂದರೆ ಸುಮಾರು 750 ವ್ಯಾಟ್. 4 ಗಂಟೆ ಓಡಿದರೆ 3 ಯೂನಿಟ್. ನಮ್ಮ ಬಯಲುಸೀಮೆಯ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಹೆಚ್ಚುಕಡಿಮೆ 4 ಯೂನಿಟ್ ಕೊಡುತ್ತದೆ. ಮಳೆಗಾಲದ ಮೋಡಕ್ಕೆ ಇದು ಇಳಿಯುತ್ತದೆ, ಮಲೆನಾಡಿನಲ್ಲಿ ಇನ್ನೂ ಇಳಿಯುತ್ತದೆ. ಮೋಟಾರು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಇನ್ವರ್ಟರು ಅದನ್ನು ತಡೆಯಬೇಕು. ಇದನ್ನು ಅಂಗಡಿಯವನನ್ನು ಕೇಳು. ಉತ್ತರಕ್ಕೆ ತಡವರಿಸಿದರೆ ಬೇರೆ ಅಂಗಡಿ ನೋಡು. ಹಗಲಲ್ಲೇ ಮುಗಿಯುವ ಕೆಲಸವಾದರೆ ಬ್ಯಾಟರಿಯನ್ನು ಎಷ್ಟು ಚಿಕ್ಕದು ಮಾಡಬಹುದೋ ಅಷ್ಟು ಮಾಡು. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುವ ಸಾಮಾನು. ಬ್ಯಾಟರಿ ಹಾಗಲ್ಲ, ನಡುವೆ ಬದಲಿಸಬೇಕು. ಆ ದುಡ್ಡನ್ನು ಮೊದಲ ತಿಂಗಳಿನಿಂದಲೇ ಬೇರೆ ಡಬ್ಬಿಗೆ ಹಾಕು.

ಹೊಲಕ್ಕೆ ಸೋಲಾರ್ ಪಂಪು ಬೇಕಾದರೆ 2019ರ ಕುಸುಮ್ ಯೋಜನೆ. ಕೇಂದ್ರ ಶೇ 30 ಕೊಡುತ್ತದೆ. ನಮ್ಮ ರಾಜ್ಯ ತನ್ನ ಪಾಲನ್ನು ಶೇ 50ಕ್ಕೆ ಏರಿಸಿದ್ದರಿಂದ ರೈತನಿಗೆ ಉಳಿದದ್ದು ಶೇ 20. ವಿದ್ಯುತ್ ಲೈನು ದೂರ ಇರುವ ಕೊಳವೆಬಾವಿಗಳಿಗೆ ಇದು ದೊಡ್ಡ ಉಪಕಾರ. ನಡುರಾತ್ರಿ ಹಾವು ಚೇಳಿಗೆ ಹೆದರುತ್ತ ನೀರು ಹಾಯಿಸಲು ಹೋಗುವ ಪಾಡು ತಪ್ಪುತ್ತದೆ. ಹಾಕಿಕೊಟ್ಟ ಕಂಪನಿ 5 ವರ್ಷ ನೋಡಿಕೊಳ್ಳಬೇಕು ಅಂತ ಕರಾರೇ ಇದೆ. ಆ ಕಾಗದ ಜೋಪಾನ ಮಾಡು. ಆದರೆ ಮೊದಲು ಬೋರಿನಲ್ಲಿ ನೀರೆಷ್ಟಿದೆ ಅಳೆಸು. ಬಿಸಿಲು ಪುಕ್ಕಟೆ ಅಂತ ಇಡೀ ದಿನ ಎತ್ತಿದರೆ ನೀರು ಪಾತಾಳಕ್ಕಿಳಿಯುತ್ತದೆ, ನಿನ್ನದೂ ಪಕ್ಕದವನದೂ. ಕೋಲಾರದ ಕಡೆಯ ರೈತರನ್ನು ಕೇಳಿದರೆ ಬೋರಿನ ಬೆಲೆ ತಿಳಿಯುತ್ತದೆ. ಪಂಪಿನ ಜೊತೆಗೇ ಹನಿ ನೀರಾವರಿ ಮಾಡು.

ಈ ಕುಸುಮ್ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ನಕಲಿ ಜಾಲತಾಣಗಳಿವೆ, ನೋಂದಣಿ ಶುಲ್ಕ ಕಟ್ಟಿ ಅಂತ ಫೋನ್ ಬರುತ್ತದೆ. ಸರ್ಕಾರವೇ ಮತ್ತೆಮತ್ತೆ ಎಚ್ಚರಿಸಿದೆ. ನಮ್ಮ ರಾಜ್ಯದಲ್ಲಿ ಕುಸುಮ್ ಯೋಜನೆ ನಡೆಸುವುದು ಸರ್ಕಾರದ ಕ್ರೆಡಲ್ ಸಂಸ್ಥೆ. ಅಲ್ಲಿ ವಿಚಾರಿಸದೆ ಒಂದು ರೂಪಾಯಿ ಕಳಿಸಬೇಡ. ಸಣ್ಣ ಉದ್ದಿಮೆಗಳು ಮಾಡಿಸುವ ಉದ್ಯಮ್ ನೋಂದಣಿಗೂ ಶುಲ್ಕವಿಲ್ಲ. ‘ಎಲ್ಲ ನಾನೇ ಮಾಡಿಸಿಕೊಡ್ತೀನಿ, ಶೇಕಡಾ ಇಷ್ಟು ಕೊಡು ಸಾಕು’ ಅನ್ನುವ ದಲ್ಲಾಳಿ ಬಂದರೆ ಒಂದು ಲೋಟ ಚಹಾ ಕೊಟ್ಟು ಕಳಿಸು. ನಿನ್ನ ಅರ್ಜಿ ನೀನೇ ಬರೆ. ಬರೆಯುವಾಗ ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ನಿನ್ನ ಉದ್ಯೋಗದಲ್ಲೇ ಏನೋ ಕೊರತೆ ಇದೆ ಅಂತ ತಿಳಿ.

ಸಾಲದ ಕಂತಿನ ಬಗ್ಗೆ ನಮ್ಮ ನಾಡೇ ದೇಶಕ್ಕೆ ಒಂದು ಪಾಠ ಕಲಿಸಿದೆ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಕಟ್ಟಿದಾಗ, ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ಸಾಲ ತೀರಿಸಲಾರರು ಅನ್ನುವವರೇ ಹೆಚ್ಚು. ನಮ್ಮ ಗ್ರಾಮೀಣ ಬ್ಯಾಂಕುಗಳು ಸಾಲ ಕೊಟ್ಟವು, ಜನ ತೀರಿಸಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಬೀದಿ ವ್ಯಾಪಾರಿಯಿಂದ ಕಲಿತದ್ದು ಅಂತ ಹೇಳುವ ಮಾತು ಇದು: ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ. ಮೊತ್ತ ಒಂದೇ, ದುಡ್ಡು ಕೈಗೆ ಬರುವ ಹೊತ್ತು ಬೇರೆ. ಡೇರಿಗೆ ಹಾಲು ಹಾಕುವವನಿಗೆ ಬಟವಾಡೆ ಬಂದ ಮಾರನೇ ದಿನ ಕಂತು ಇರಲಿ. ರೊಟ್ಟಿ ಮಾರುವವಳಿಗೆ ಸಂತೆಯ ಮಾರನೇ ದಿನ. ಸುಗ್ಗಿಯ ದುಡ್ಡು ನಂಬಿದವನಿಗೆ ಸುಗ್ಗಿಯ ಮೇಲೆ. ಮ್ಯಾನೇಜರಿಗೆ ಇದನ್ನು ಬಾಯಿಬಿಟ್ಟು ಹೇಳು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ.

ಇನ್ನು ನಿನ್ನ ನಡತೆಯ ಮಾತು. ಬ್ಯಾಂಕಿನವರು ನಿನ್ನ ಸಿಬಿಲ್ ಅಂಕ ನೋಡುತ್ತಾರೆ. ಆ ಫೋನನ್ನು ಕಂತಿನಲ್ಲಿ ತಂದು ಎರಡು ತಿಂಗಳು ಕಟ್ಟದೆ ಬಿಟ್ಟೆಯಲ್ಲ, ಅದೂ ಅಲ್ಲಿ ಕಾಣುತ್ತದೆ. ಮೊದಲು ಆ ಬಾಕಿ ತೀರಿಸು. ಗೆಳೆಯನ ಸಾಲಕ್ಕೆ ಜಾಮೀನು ಹಾಕುವ ಮುನ್ನ ನಿನ್ನ ಅವ್ವನ ಮುಖ ನೆನೆ. ಯಂತ್ರಕ್ಕೆ ತಂದ ಸಾಲದಲ್ಲಿ ಅಕ್ಕನ ಸೀಮಂತ ಮಾಡಬೇಡ, ಬೈಕಿಗೆ ಮುಂಗಡ ಕೊಡಬೇಡ. ದಿನದ ಲೆಕ್ಕ ದಿನವೇ ಬರೆ. ಎರಡು ರೂಪಾಯಿ ಪೇಪರ್ ಕವರ್ ತಂದರೂ ಬರೆ. ಸಣ್ಣ ಉದ್ಯಮದ 10 ಲಕ್ಷದೊಳಗಿನ ಸಾಲಕ್ಕೆ ಬ್ಯಾಂಕು ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಹಾಗಿರುವಾಗ ನಿನ್ನ ಲೆಕ್ಕದ ಪುಸ್ತಕವೇ ನಿನ್ನ ಆಸ್ತಿ. ಮಳೆ ಹೆಚ್ಚಾಯಿತು, ವ್ಯಾಪಾರ ಬಿತ್ತು, ಕಂತು ಕಟ್ಟಲಾಗಲಿಲ್ಲ ಅನ್ನು. ಬ್ಯಾಂಕಿನ ಮುಂದಿನ ರಸ್ತೆ ಬಿಟ್ಟು ಹಿಂದಿನ ಓಣಿಯಲ್ಲಿ ಓಡಾಡಬೇಡ. ನೇರ ಒಳಗೆ ಹೋಗಿ ಕಷ್ಟ ಹೇಳು. ಮುಖ ತೋರಿಸಿದ ಸಾಲಗಾರನಿಗೆ ನಾವು ಅವಧಿ ಕೊಟ್ಟಿದ್ದೇವೆ. ಮುಖ ಮರೆಸಿದವನಿಗೆ ನೋಟಿಸು ಕಳಿಸಿದ್ದೇವೆ.

ಕಸುಬು ಬರುವುದಿಲ್ಲ ಅನ್ನುವ ನೆಪ ಬೇಡ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರುಮಾಡಿದರು. ಅದನ್ನೇ ಮಾದರಿ ಮಾಡಿಕೊಂಡು ದೇಶದ ಜಿಲ್ಲೆ ಜಿಲ್ಲೆಗೆ ಆರ್‌ಸೆಟಿಗಳು ಬಂದವು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ, ಏನು ಬೇಕೋ ಕಲಿ. ಅಲ್ಲಿಂದ ಬಂದ ಮೇಲೆ ಯಂತ್ರವಿಲ್ಲದೆ, ಸಣ್ಣದಾಗಿ, ಕೈಯಲ್ಲೇ ಮಾಡಿ ನಾಲ್ಕು ಮನೆಗೆ ಮಾರಿ ನೋಡು. ಎರಡನೇ ಸಲ ಕೇಳಿಕೊಂಡು ಬಂದವರು ಎಷ್ಟು ಮಂದಿ ಅಂತ ಎಣಿಸು. ಆ ಎಣಿಕೆ ಯಾವ ಯೋಜನಾ ವರದಿಗಿಂತಲೂ ಗಟ್ಟಿ.

ಪ್ಯಾನೆಲ್ ಹಾಕಿಸಿದ ಮೇಲೂ ನಿನ್ನ ಕೆಲಸ ಮುಗಿಯಲಿಲ್ಲ. ಧೂಳು ಕೂತರೆ ಕರೆಂಟು ಕಡಿಮೆಯಾಗುತ್ತದೆ. ಬೆಳಿಗ್ಗೆ ಪ್ಯಾನೆಲ್ ತಂಪಿರುವಾಗ ನೀರು ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸು. ನೆರಳು ಚೆಲ್ಲುವ ನುಗ್ಗೆ ಕೊಂಬೆ ಸವರು. ಬ್ಯಾಟರಿಗೆ ಡಿಸ್ಟಿಲ್ಡ್ ನೀರೇ ಹಾಕು, ಬೋರಿನ ನೀರು ಹಾಕಬೇಡ. ನಟ್ಟು ಬಿಗಿ ಮಾಡಲು ಪ್ರತಿ ಸಲ ಪೇಟೆಯಿಂದ ಮೆಕ್ಯಾನಿಕ್ ಬರಬೇಕಾದರೆ ಲಾಭವೆಲ್ಲ ಅವನ ಬಸ್ ಚಾರ್ಜಿಗೇ ಹೋಗುತ್ತದೆ.

ನಿನಗೆ ಬುದ್ಧಿ ಇದೆ, ಮೈಯಲ್ಲಿ ಕಸುವಿದೆ, ನಾಲ್ಕು ಜನರ ಹತ್ತಿರ ನಗುತ್ತ ಮಾತಾಡುವ ಗುಣ ಇದೆ. ತಾಳ್ಮೆಯೊಂದನ್ನು ರೂಢಿಸಿಕೋ. ಸೋಮವಾರ ಆರ್‌ಸೆಟಿಗೆ ಹೋಗಿ ಹೆಸರು ಬರೆಸು. ಆಮೇಲೆ ಮೂರು ಅಂಗಡಿಯಿಂದ ಕೊಟೇಶನ್ ತಗೋ, ಬ್ಯಾಂಕಿನಲ್ಲಿ ಬಡ್ಡಿ, ಕಂತು ಎರಡನ್ನೂ ಕಾಗದದ ಮೇಲೆ ಬರೆಸಿಕೋ. ಸಹಿ ಹಾಕುವ ಮೊದಲು ಎಲ್ಲವನ್ನೂ ತಂದು ನನಗೊಮ್ಮೆ ತೋರಿಸು. ಕನ್ನಡಕ ಒರೆಸಿಟ್ಟುಕೊಂಡು ಕಾಯುತ್ತಿರುತ್ತೇನೆ.