ಮಲಾವಿಗೆ ಹೊರಟ ಸ್ವಯಂಸೇವಕರಿಗೆ: ಮಾಡಬೇಕಾದ್ದು, ಮಾಡಬಾರದ್ದು

ತರಬೇತಿಯಲ್ಲಿರುವ ಎಲ್ಲರೂ ಇದನ್ನು ಪೂರ್ತಿ ಓದಿ ಸಹಿ ಹಾಕಿ ಕೊಡಬೇಕು. ಇಲ್ಲಿನ ಯಾವುದಾದರೂ ಷರತ್ತು ನಿಮಗೆ ಒಗ್ಗದಿದ್ದರೆ ಈಗಲೇ ಹೇಳಿ ಹಿಂದೆ ಸರಿಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಟಿಕೆಟ್ ತೆಗೆದ ಮೇಲೆ ಹೇಳಿದರೆ ಮಾತ್ರ ತಿಳಿಯುತ್ತೇವೆ.

ನೀವು ಅಲ್ಲಿನ ಒಂದು ಸ್ಥಳೀಯ ಸಂಸ್ಥೆಯ ಕೈಕೆಳಗೆ ದುಡಿಯಲು ಹೋಗುತ್ತಿದ್ದೀರಿ. ಅಲ್ಲಿನ ಮೇಲ್ವಿಚಾರಕರು ನಿಮಗಿಂತ ಕಡಿಮೆ ಓದಿರಬಹುದು, ವಯಸ್ಸಿನಲ್ಲಿ ಚಿಕ್ಕವರಿರಬಹುದು. ಆದರೂ ಅವರೇ ನಿಮ್ಮ ಮೇಲಧಿಕಾರಿ. ಅವರು ಬೇಡ ಎಂದ ಕೆಲಸವನ್ನು ಬೆಂಗಳೂರಿಗೆ ಫೋನ್ ಮಾಡಿ ಒಪ್ಪಿಸಿಕೊಳ್ಳುವ ದಾರಿ ಇಲ್ಲ.

ಹೊರಡುವ ಮುಂಚೆ

ಚಿಚೆವಾ ಭಾಷೆ ಕಲಿಯಿರಿ. ‘ಮುಲಿ ಬ್ವಾಂಜಿ’, ‘ಜಿಕೋಮೊ’ ಎಂದು ನಕ್ಕು ಮುಂದೆ ಹೋಗುವಷ್ಟು ಸಾಲದು. ಸಂತೆಯಲ್ಲಿ ಬೆಲೆ ಕೇಳಲು, ಸಾವಿನ ಮನೆಯಲ್ಲಿ ನಾಲ್ಕು ಮಾತಾಡಲು, ಬೋರ್‌ವೆಲ್‌ನ ಯಾವ ಭಾಗ ಕೆಟ್ಟಿದೆ ಎಂದು ವಿವರಿಸಲು ಬರಬೇಕು. ಇಂಗ್ಲಿಷ್ ಅಲ್ಲಿ ಕಚೇರಿಯ ಭಾಷೆ, ನಿಜ. ಆದರೆ ಹಳ್ಳಿಯ ಸಭೆಯನ್ನು ಇಂಗ್ಲಿಷಿನಲ್ಲಿ ನಡೆಸಿದರೆ ಮಾತಾಡುವವರು ಮೇಷ್ಟರು ಮತ್ತು ಪಾದ್ರಿ ಇಬ್ಬರೇ. ಉತ್ತರದ ಜಿಲ್ಲೆಗಳಿಗೆ ಹೋಗುವವರು ಟುಂಬುಕಾ ಕಲಿಯಬೇಕು.

ಹಳದಿ ಜ್ವರದ ಚುಚ್ಚುಮದ್ದು ಹೊರಡುವ ಹತ್ತು ದಿನ ಮೊದಲೇ ಆಗಿರಬೇಕು. ‘ಮಲಾವಿಯಲ್ಲಿ ಆ ಕಾಯಿಲೆ ಇಲ್ಲವಲ್ಲ’ ಎಂದು ಪ್ರತಿ ತಂಡದಲ್ಲೂ ಒಬ್ಬರು ವಾದ ಹೂಡುತ್ತಾರೆ. ನಿಮ್ಮ ವಿಮಾನ ಅಡಿಸ್ ಅಬಾಬಾ ಇಲ್ಲವೆ ನೈರೋಬಿಯ ಮೇಲೆ ಹೋಗುತ್ತದೆ. ಅಲ್ಲಿಂದ ಬರುವವರ ಬಳಿ ಚುಚ್ಚುಮದ್ದಿನ ಕಾರ್ಡ್ ಇಲ್ಲದಿದ್ದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಮಲೇರಿಯಾ ನಮಗೇನು ಹೊಸದೇ ಎನ್ನಬೇಡಿ. ನಮ್ಮಲ್ಲಿ ವೈವಾಕ್ಸ್ ಜಾತಿಯದೂ ಸಾಕಷ್ಟಿದೆ. ಅದು ನಡುಗಿಸುತ್ತದೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಅಲ್ಲಿನದು ಬಹುಪಾಲು ಫಾಲ್ಸಿಪಾರಮ್. ಚಿಕಿತ್ಸೆ ತಡವಾದರೆ ಒಂದೆರಡು ದಿನದಲ್ಲೇ ಮಿದುಳಿಗೆ ಏರಬಹುದು. ವೈದ್ಯರು ಬರೆದುಕೊಟ್ಟ ತಡೆಮಾತ್ರೆಯನ್ನು ಒಮ್ಮೆಯೂ ತಪ್ಪಿಸಬಾರದು. ಡಾಕ್ಸಿಸೈಕ್ಲಿನ್ ಮತ್ತು ಮೆಫ್ಲೊಕ್ವಿನ್‌ಗಳನ್ನು ಊರಿಗೆ ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಸೊಳ್ಳೆಪರದೆಯೊಳಗೇ ಮಲಗಿ. ಸೆಕೆ ಎಂಬುದು ಕಾರಣವಲ್ಲ.

ಮಲಾವಿ ಸರೋವರದಲ್ಲಿ ಈಜಬಾರದು. ಚಿತ್ರದಲ್ಲಿ ನೋಡಿದರೆ ಇಳಿಯಬೇಕೆನ್ನಿಸುವ ನೀರು ಅದು. ಆದರೆ ದಡದ ಬಸವನಹುಳುಗಳಿಂದ ಹೊರಬೀಳುವ ಸೂಕ್ಷ್ಮಜೀವಿ ಚರ್ಮದ ಮೂಲಕವೇ ಒಳಹೊಕ್ಕು ಬಿಲ್‌ಹಾರ್ಜಿಯಾ ಎಂಬ ರೋಗ ತರುತ್ತದೆ. 1992ರಲ್ಲಿ ಅಮೆರಿಕದ ಪೀಸ್ ಕೋರ್‌ನ ಇಬ್ಬರು ಸ್ವಯಂಸೇವಕರಲ್ಲಿ ಇದು ನರಮಂಡಲಕ್ಕೇ ತಗುಲಿತ್ತು.

ಹಳ್ಳಿಯಲ್ಲಿ

ಮೊದಲ ಕೆಲಸ ಊರಿನ ಮುಖ್ಯಸ್ಥರನ್ನು, ಅಂದರೆ ಮ್ಫುಮು ಅವರನ್ನು, ಕಾಣುವುದು. ಅದಕ್ಕೂ ಮುಂಚೆ ಮನೆಗಳನ್ನು ಎಣಿಸುವುದು, ಬಾವಿಯ ಫೋಟೊ ತೆಗೆಯುವುದು, ಪ್ರಶ್ನಾವಳಿ ಹಿಡಿದು ಬಾಗಿಲು ತಟ್ಟುವುದು ಯಾವುದೂ ಕೂಡದು. ಇದು ಬರಿಯ ಮರ್ಯಾದೆಯ ಮಾತಲ್ಲ, ಜೀವದ ಮಾತು. 2017ರಲ್ಲಿ ಮುಲಾಂಜೆ, ಫಾಲೊಂಬೆ ಜಿಲ್ಲೆಗಳಲ್ಲಿ ರಕ್ತ ಹೀರುವವರು ತಿರುಗುತ್ತಿದ್ದಾರೆ ಎಂಬ ಗಾಳಿಸುದ್ದಿ ಹಬ್ಬಿ, ಜನ ರಾತ್ರಿ ಕಾವಲು ನಿಂತು, ಅಂಥವರೆಂದು ಅನುಮಾನಿಸಿ ಕೆಲವರನ್ನು ಕೊಂದರು. ವಿಶ್ವಸಂಸ್ಥೆ ಆ ಎರಡು ಜಿಲ್ಲೆಗಳಿಂದ ತನ್ನ ಸಿಬ್ಬಂದಿಯನ್ನು ವಾಪಸು ಕರೆಸಿಕೊಂಡಿತು. ಅಂಥ ಸುದ್ದಿ ಕಿವಿಗೆ ಬಿದ್ದರೆ ನಗಬೇಡಿ, ವಿಜ್ಞಾನ ಬೋಧಿಸಬೇಡಿ. ಮೇಲ್ವಿಚಾರಕರಿಗೆ ತಿಳಿಸಿ, ಅವರು ಹೊರಡಿ ಎಂದರೆ ಆ ಹೊತ್ತಿಗೇ ಹೊರಡಿ. ಕತ್ತಲಾದ ಮೇಲೆ ಸಮೀಕ್ಷೆ ಎಂದೂ ಇಲ್ಲ. ಬೈಕಿನ ಹಿಂದೆ ಕೂತು ರಾತ್ರಿ ಪ್ರಯಾಣವೂ ಇಲ್ಲ.

ಊರಿನಲ್ಲಿ ಸಾವಾದರೆ ಆ ದಿನದ ಕಾರ್ಯಕ್ರಮ ರದ್ದು. ವರದಿಯ ಗಡುವು ಎಂದು ಗೊಣಗದೆ ನೀವೂ ಹೋಗಿ ಕೂರಿ. ಹಾಗೆಯೇ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಡೀ ದಿನದ ತರಬೇತಿ ಇಟ್ಟುಕೊಳ್ಳಬೇಡಿ. ಹಿಂದಿನ ವರ್ಷದ ಮೆಕ್ಕೆಜೋಳ ಮುಗಿದು ಹೊಸದು ಇನ್ನೂ ಹೊಲದಲ್ಲಿರುವ ಹಸಿವಿನ ತಿಂಗಳುಗಳು ಅವು. ಕಳೆ ಕೀಳುವ ಕೆಲಸವೂ ಆಗಲೇ.

ಮಧ್ಯ ಮತ್ತು ದಕ್ಷಿಣ ಮಲಾವಿಯ ಚೆವಾ, ಯಾವೊ ಸಮುದಾಯಗಳಲ್ಲಿ ಜಮೀನು ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಸೋದರಮಾವನ ಮಾತಿಗೆ ತೂಕವಿದೆ. ಅಳಿಯಸಂತಾನ ಬಲ್ಲ ತುಳುನಾಡಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಗಂಡಸರ ಪಟ್ಟಿಯನ್ನು ಮಾತ್ರ ಮಾಡಿಕೊಂಡು ‘ರೈತರ ಸಭೆ’ ಕರೆದರೆ ಹೊಲ ಯಾರದೋ ಅವರು ಹೊರಗೇ ಉಳಿಯುತ್ತಾರೆ.

ಊಟದ ಬಗ್ಗೆ. ಮುದ್ದೆ ಉಂಡು ಬೆಳೆದವರಿಗೆ ನ್ಸಿಮಾ, ಅಂದರೆ ಅಲ್ಲಿನ ಮೆಕ್ಕೆಜೋಳದ ಮುದ್ದೆ, ಕಷ್ಟವಾಗದು. ಸಸ್ಯಾಹಾರಿಗಳು ಅದನ್ನು ಮೊದಲ ದಿನವೇ ಹೇಳಿಬಿಡಿ. ಬೀನ್ಸ್, ಸೊಪ್ಪು, ತೊಗರಿ ಸಿಗುತ್ತವೆ. ಬೇರೆ ಪಾತ್ರೆ ಕೇಳಬಾರದು. ಒಣಮೀನಿನ ವಾಸನೆಗೆ ಮೂಗು ಮುಚ್ಚಬಾರದು. ಉಪ್ಪಿನಕಾಯಿ ಕೊಂಡೊಯ್ಯಲು ಅಡ್ಡಿಯಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡು ತಿನ್ನಬೇಡಿ.

ಪಂಪು, ಬೆಳೆ, ದುಡ್ಡು

ನಮ್ಮ ಹಳ್ಳಿಗಳಲ್ಲಿರುವುದು ಬಹುಪಾಲು ಇಂಡಿಯಾ ಮಾರ್ಕ್-2 ಕೈಪಂಪು. ಅದರ ಒಳಭಾಗ ಕೆಟ್ಟರೆ ಮೇಲೆತ್ತಲು ತಂಡವೇ ಬರಬೇಕು. ಮಲಾವಿಯದು ಆಫ್ರಿದೆವ್. ಊರಿನವರೇ ಒಂದು ಸ್ಪ್ಯಾನರ್ ಹಿಡಿದು ಬಿಚ್ಚಿ, ಸೀಲ್ ಬದಲಿಸಿ, ಮತ್ತೆ ಜೋಡಿಸಬೇಕೆಂದೇ ರೂಪಿಸಿದ್ದು. ಶಿಬಿರದಲ್ಲಿ ಪ್ರತಿಯೊಬ್ಬರೂ ಅದನ್ನು ಬಿಚ್ಚಿ ಕಟ್ಟಲೇಬೇಕು. ಅಲ್ಲಿಗೆ ಹೋದ ಮೇಲೆ ಮುಟ್ಟಬಾರದು. ನೀವು ರಿಪೇರಿ ಮಾಡಿದ ಪಂಪು ನೀವಿರುವವರೆಗೆ ಮಾತ್ರ ನಡೆಯುತ್ತದೆ. ನೀರಿನ ಸಮಿತಿಯ ಹೆಂಗಸರು ಬಿಚ್ಚುವಾಗ ಪಕ್ಕದಲ್ಲಿ ಕೂರಿ, ಕೇಳಿದರೆ ಹೇಳಿ. ಬಿಡಿಭಾಗಕ್ಕೆ ಮನೆಮನೆಯಿಂದ ಹಣ ಕೂಡಿಸಿ ಲೆಕ್ಕ ಇಡುವುದೇ ಕಷ್ಟದ ಭಾಗ. ನಿಮ್ಮ ನೆರವು ಅಲ್ಲಿ ಬೇಕಾದೀತು. ಕೆಟ್ಟ ವಾಷರಿಗೆ ಜೇಬಿನಿಂದ ದುಡ್ಡು ಕೊಟ್ಟಿರೋ, ಮುಂದಿನ ವಾಷರಿಗೆ ಯಾರೂ ಚಂದಾ ಕೊಡುವುದಿಲ್ಲ.

ಇಲ್ಲಿ ಪ್ಲೇಪಂಪ್ ಕಥೆ ಹೇಳಲೇಬೇಕು. ಮಕ್ಕಳು ಗಿರಗಿಟ್ಲೆ ಆಡಿದರೆ ನೀರು ಮೇಲಿನ ಟ್ಯಾಂಕಿಗೆ ಏರುವ ಯಂತ್ರ ಅದು. 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ದಾನಿಗಳು ಸೇರಿ 164 ಲಕ್ಷ ಡಾಲರ್ ಘೋಷಿಸಿದರು. 2010ರೊಳಗೆ ಆಫ್ರಿಕಾದಲ್ಲಿ 4,000 ಕೂರಿಸುವ ಗುರಿ. ಆಟ ಬೇಸರವಾಗಿ ಮಕ್ಕಳು ಹೊರಟುಹೋದರು. ನೀರು ಬೇಕಾದ ಹೆಂಗಸರು, ಮುದುಕಿಯರು ಬಗ್ಗಿ ಅದನ್ನು ತಳ್ಳಬೇಕಾಯಿತು. ಮಲಾವಿಯಲ್ಲಿ ಕೆಲವೆಡೆ ಚೆನ್ನಾಗಿದ್ದ ಆಫ್ರಿದೆವ್ ಕಿತ್ತು ಇದನ್ನು ಹಾಕಿದ್ದರು. ಕೆಟ್ಟರೆ ಊರಿನವರು ಬಿಚ್ಚುವಂತಿರಲಿಲ್ಲ. ಹೇಳಿದಷ್ಟು ಜನಕ್ಕೆ ನೀರು ಬರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಎಂದು ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ನಿಮಗೆ ಅಂಥದೊಂದು ಅಪೂರ್ವ ಐಡಿಯಾ ಹೊಳೆದರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಯಾವ ಬೆಳೆ ಹಾಕಬೇಕೆಂದು ಸಲಹೆ ಕೊಡಬೇಡಿ. ‘ನಮ್ಮ ಕಲಬುರಗಿಯಲ್ಲಿ ತೊಗರಿಗೆ ಒಳ್ಳೆ ಬೆಲೆ, ನೀವೂ ಬೆಳೆಯಿರಿ’ ಎನ್ನುವ ಆಸೆ ಕರ್ನಾಟಕದವರಿಗೆ ಬಂದೇ ಬರುತ್ತದೆ. ದಕ್ಷಿಣ ಮಲಾವಿಯವರು ಆಗಲೇ ಬೆಳೆಯುತ್ತಾರೆ, ಅದರ ದೊಡ್ಡ ಗಿರಾಕಿ ಭಾರತವೇ. 2016–17ರಲ್ಲಿ ನಮ್ಮಲ್ಲಿ ತೊಗರಿ ವಿಪರೀತ ಬಂದು ಬೆಲೆ ಬಿತ್ತು. 2017ರ ಆಗಸ್ಟ್‌ನಲ್ಲಿ ಸರ್ಕಾರ ಆಮದಿಗೆ ಮಿತಿ ಹಾಕಿತು. ಅಲ್ಲಿ ಆಗ ಸುಗ್ಗಿಯ ಕಾಲ. ಕಲಬುರಗಿಯ ರೈತನಿಗೆ ಅಗತ್ಯವಿದ್ದ ಆದೇಶ ಮಲಾವಿ, ಮೊಜಾಂಬಿಕ್‌ಗಳ ರೈತರ ಬೆಲೆಯನ್ನು ನೆಲಕ್ಕೆ ತಂದಿತು. ಆ ಲೆಕ್ಕ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಸಾಲ ಕೊಡಬೇಡಿ. ಹಳೆ ಬಟ್ಟೆ ಮೂಟೆ ತರಬೇಡಿ. ಅಲ್ಲಿನ ಸಂತೆಗಳಲ್ಲಿ ಕೌಂಜಿಕಾ ಎಂಬ ಹಳೆಬಟ್ಟೆ ವ್ಯಾಪಾರ ದೊಡ್ಡದಾಗಿದೆ. ಪುಕ್ಕಟೆ ಹಂಚಿದರೆ ಅದನ್ನೇ ನಂಬಿದವರ ಹೊಟ್ಟೆಗೆ ಕಲ್ಲು.

ಭಾರತೀಯರೆಂಬ ಹೊರೆ

ಹಳ್ಳಿಯವರು ನಿಮ್ಮನ್ನು ಕಂಡೊಡನೆ ಮ್ವೆನ್ಯೆ ಎನ್ನುತ್ತಾರೆ. ಅಂದರೆ ಇಂಡಿಯಾದವರು, ಅವರ ಕಣ್ಣಿನಲ್ಲಿ ಅಂಗಡಿಯವರು. ಆಗಿನ ಅಧ್ಯಕ್ಷ ಬಂಡಾ ಅವರ ಸರ್ಕಾರ 1970ರ ದಶಕದಲ್ಲಿ ಏಷ್ಯನ್ ವ್ಯಾಪಾರಿಗಳನ್ನು ಹಳ್ಳಿಗಳಿಂದ ತೆರವು ಮಾಡಿಸಿ ಕೆಲವೇ ಪಟ್ಟಣಗಳಿಗೆ ಸೀಮಿತಗೊಳಿಸಿತು. ಹಿರಿಯರಿಗೆ ಅದು, ಅದಕ್ಕೂ ಹಿಂದಿನ ಅಂಗಡಿ ಸಾಲದ ದಿನಗಳೂ ನೆನಪಿವೆ. ಬ್ಲಾಂಟೈರ್‌ನ ಭಾರತೀಯ ಕುಟುಂಬಗಳು ಊಟಕ್ಕೆ ಕರೆದರೆ ಹೋಗಿ. ಹಳ್ಳಿಯವರ ಬಗ್ಗೆ ಅಲ್ಲಿ ಕೇಳಿದ ಅಭಿಪ್ರಾಯಗಳನ್ನು ಅಲ್ಲೇ ಬಿಟ್ಟು ಬನ್ನಿ. ಮೈಬಣ್ಣದ ಬಗ್ಗೆ ಕನ್ನಡದಲ್ಲಿ ಪಿಸುಗುಟ್ಟಿದರೆ ಯಾರಿಗೂ ತಿಳಿಯದು ಎಂದುಕೊಳ್ಳಬೇಡಿ. ಬೆಂಗಳೂರು, ಮೈಸೂರಿನಲ್ಲಿ ಓದಿ ಬಂದವರು ಆಫ್ರಿಕಾದ ಎಷ್ಟೋ ಊರುಗಳಲ್ಲಿದ್ದಾರೆ. 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿದ್ದನ್ನು ಯಾರಾದರೂ ಎತ್ತಿದರೆ ಸಮರ್ಥನೆಗೆ ಇಳಿಯಬಾರದು. ನಡೆದದ್ದು ಹೌದು ಎನ್ನಿ.

ಫೋಟೊ ಮತ್ತು ಸ್ಟೇಟಸ್

1961ರ ಆಗಸ್ಟ್‌ನಲ್ಲಿ ಪೀಸ್ ಕೋರ್‌ನ ಮೊದಲ ತಂಡ ಘಾನಾದಲ್ಲಿ ಇಳಿದು, ಟ್ವಿ ಭಾಷೆಯಲ್ಲಿ ಹಾಡಿ ಮೆಚ್ಚುಗೆ ಗಳಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನೈಜೀರಿಯದ ಇಬಾದಾನ್‌ನಲ್ಲಿ ತರಬೇತಿಯಲ್ಲಿದ್ದ ಪೀಸ್ ಕೋರ್‌ನ ಒಬ್ಬ ತರುಣಿ ತನ್ನ ಗೆಳೆಯನಿಗೆ ಪೋಸ್ಟ್‌ಕಾರ್ಡ್ ಬರೆದು, ಅಲ್ಲಿನವರ ಬದುಕು ತೀರ ಹಿಂದುಳಿದದ್ದೆಂದು ವರ್ಣಿಸಿದಳು. ಕಾರ್ಡು ಅಲ್ಲಿನ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಪ್ರತಿಭಟನೆಯಾಯಿತು, ಆಕೆ ಅಮೆರಿಕಕ್ಕೆ ಮರಳಿದಳು. ಆಗ ಬರೆದದ್ದು ಒಂದೇ ಕಾರ್ಡು. ನಿಮ್ಮ ವಾಟ್ಸಾಪ್ ಸ್ಟೇಟಸ್ ಇನ್ನೂರು ಜನರಿಗೆ ಒಮ್ಮೆಗೇ ಹೋಗುತ್ತದೆ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಸೆಲ್ಫಿ ಹಾಕಬಾರದು. ಕ್ಲಿನಿಕ್ಕಿನೊಳಗೆ ಕ್ಯಾಮೆರಾ ತೆಗೆಯಬಾರದು. ದೊಡ್ಡವರ ಫೋಟೊ ಅವರನ್ನು ಕೇಳಿಯೇ ತೆಗೆಯಬೇಕು, ಅವರಿಗೊಂದು ಪ್ರತಿ ಕೊಡಬೇಕು. ‘ಪಾಪ, ಏನೂ ಇಲ್ಲದಿದ್ದರೂ ಎಷ್ಟು ಖುಷಿಯಾಗಿದ್ದಾರೆ’ ಎಂಬ ವಾಕ್ಯ ನಿಷಿದ್ಧ.

ಮರಳುವಾಗ

ಕೊನೆಯ ಎರಡು ತಿಂಗಳು ಹೊಸ ಕೆಲಸ ಆರಂಭಿಸಬಾರದು. ಲೆಕ್ಕ, ಪಟ್ಟಿ, ಬೀಗದ ಕೈ ಎಲ್ಲವನ್ನೂ ಸ್ಥಳೀಯ ಸಹೋದ್ಯೋಗಿಗೆ ಒಪ್ಪಿಸಿ ರಸೀದಿ ತನ್ನಿ. ಊರಿಗೆ ಬಂದ ಮೂರು ತಿಂಗಳೊಳಗೆ ಜ್ವರ ಕಾಣಿಸಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ‘ಮಲಾವಿಯಿಂದ ಬಂದಿದ್ದೇನೆ, ಮಲೇರಿಯಾ ಪರೀಕ್ಷೆ ಮಾಡಿ’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಡೆಂಗಿ ಇರಬಹುದೆಂದು ಪ್ಲೇಟ್‌ಲೆಟ್ ಎಣಿಸುತ್ತಾ ಕೂರುತ್ತಾರೆ.